ಒಗ್ಗರಣೆಗೊಂದು ಬಯಲು

ಅಮೆರಿಕದ ಹೋಟೆಲ್ ಕೋಣೆಗಳ ಚಾವಣಿಯಲ್ಲಿ ದುಂಡನೆಯ ಬಿಳಿ ಡಬ್ಬಿಯೊಂದು ಇರುತ್ತದೆ. ಬೆಂಕಿ ಬಿದ್ದರೆ ಮಲಗಿದವರನ್ನು ಎಬ್ಬಿಸಲಿ ಎಂದು ಅದನ್ನು ಅಲ್ಲಿಟ್ಟಿದ್ದಾರೆ. ಅಲ್ಲಿನ ಕನ್ನಡ ಕುಟುಂಬಗಳಿಗೆ ಮಾತ್ರ ಅದರ ಪರಿಚಯ ಆಗುವುದು ಸಾಸಿವೆ ಸಿಡಿಯುವ ಹೊತ್ತಿಗೆ. ಪಿಜ್ಜಾ, ಬರ್ಗರ್ ತಿಂದು ತಿಂದು ನಾಲಗೆ ಜಡ್ಡುಗಟ್ಟಿದಾಗ ಯಾರೋ ಒಬ್ಬರು ಸೂಟ್‌ಕೇಸಿನ ತಳದಿಂದ ಇಂಡಕ್ಷನ್ ಒಲೆ ತೆಗೆಯುತ್ತಾರೆ. ಇನ್ನೊಬ್ಬರು ಬಚ್ಚಲಿನ ಫ್ಯಾನ್ ಹಾಕುತ್ತಾರೆ. ಮತ್ತೊಬ್ಬರು ಬಾಗಿಲ ಸಂದಿಗೆ ಟವೆಲ್ ತುರುಕುತ್ತಾರೆ. ಕಿಟಕಿ ತೆರೆಯೋಣವೆಂದರೆ ಅದು ತೆರೆಯುವ ಜಾತಿಯದಲ್ಲ. ನಾಲ್ಕು ಕಾಳು ಸಾಸಿವೆ, ಎರಡು ಒಣಮೆಣಸಿನಕಾಯಿ, ಒಂದೆಸಳು ಕರಿಬೇವು. ಮನೆಯಲ್ಲಿ ಫೋನಿನಲ್ಲಿ ಮಾತಾಡುತ್ತಲೇ ಮುಗಿಸುವ ಕೆಲಸಕ್ಕೆ ಇಲ್ಲಿ ಮೂರು ಜನರ ಕಾವಲು ಬೇಕು. ಅಷ್ಟು ಮಾಡಿಯೂ ಡಬ್ಬಿ ಕಿರುಚಿಕೊಂಡರೆ ಆ ರಾತ್ರಿ ಇಡೀ ಮಹಡಿಯ ಜನ ಚಡ್ಡಿ ಬನಿಯನ್ನಿನಲ್ಲಿ ಪಾರ್ಕಿಂಗ್ ಜಾಗದಲ್ಲಿ ನಿಂತಿರುತ್ತಾರೆ. ಚಿತ್ರಾನ್ನ ಮಾಡಲು ಹೋದವರು ಗುಂಪಿನಲ್ಲಿ ಬೇರೆ ಯಾರದೋ ತಪ್ಪೆಂಬಂತೆ ಆಕಾಶ ನೋಡುತ್ತಿರುತ್ತಾರೆ.

ಇಂಥದೊಂದು ರಾತ್ರಿಯ ನಂತರವೇ ಅಟ್ಲಾಂಟದಲ್ಲಿ ನೆಲೆಸಿರುವ, ಮೂಲತಃ ಧಾರವಾಡ ಕಡೆಯ ಎಂಜಿನಿಯರೊಬ್ಬರು ಮುಂದಿನ ಸಲ ಒರ್ಲ್ಯಾಂಡೊಗೆ ಹೋದರೆ ಟೆಂಟ್ ಹಾಕುವುದೆಂದು ನಿಶ್ಚಯಿಸಿದ್ದು. ಊರಿನಿಂದ ಅಪ್ಪ, ಅವ್ವ ಬಂದಿದ್ದರು. ಹೆಂಡತಿ ಮೈಸೂರಿನವರು, ಇಬ್ಬರು ಮಕ್ಕಳು. ಒಟ್ಟು ಆರು ಜನ. ಡಿಸ್ನಿಯ ಅಗ್ಗದ ಹೋಟೆಲುಗಳ ಸಾಮಾನ್ಯ ಕೋಣೆಯಲ್ಲಿ ನಾಲ್ಕೇ ಜನ ಇರಬೇಕೆಂಬ ನಿಯಮ. ಆರು ಜನರೆಂದರೆ ಎರಡು ಕೋಣೆ. ಎರಡು ಕೋಣೆ ಎಂದಾಕ್ಷಣ ಅಜ್ಜನ ಕೋಣೆಗೆ ಯಾವ ಮೊಮ್ಮಗು, ರಾತ್ರಿ ಗೊರಕೆಯ ಪಾಲು ಯಾರಿಗೆ ಎಂಬ ಪಂಚಾಯಿತಿ. ಅದೇ ಡಿಸ್ನಿಯ ಕ್ಯಾಂಪ್‌ಗ್ರೌಂಡಿನಲ್ಲಿ ಒಂದು ಜಾಗಕ್ಕೆ ಹತ್ತು ಜನರ ತನಕ ಇರಬಹುದು. ಲೆಕ್ಕ ಅಲ್ಲಿಗೇ ಮುಗಿಯಿತೆಂದು ಮಗ ತಿಳಿದಿದ್ದ.

ಮುಗಿದಿರಲಿಲ್ಲ. ಅಪ್ಪನಿಗೆ ಸುದ್ದಿ ತಿಳಿದಾಗ ಅವರು ಚಹಾದ ಬಟ್ಟಲು ಕೆಳಗಿಟ್ಟರು. "ಇಷ್ಟ ಪಗಾರ ತಗೊಂಡು ನಮ್ಮನ್ನ ಗುಡಾರದಾಗ ಮಲಗಸ್ತೀಯೇನಪಾ? ಊರಾಗ ಮಂದಿ ಏನಂದಾರು?" ಮಗನ ನೌಕರಿಗೇನಾದರೂ ಧಕ್ಕೆ ಬಂದಿದೆಯೇ, ಕೇಳಿದರೆ ನೊಂದುಕೊಂಡಾನು ಎಂದು ಆಮೇಲೆ ಸೊಸೆಯನ್ನು ಅಡುಗೆಮನೆಯಲ್ಲಿ ಮೆಲ್ಲಗೆ ವಿಚಾರಿಸಿದರಂತೆ. "ಇಲ್ಲ ಮಾವ, ಇವರಿಗೆ ಹೀಗೆ ಆಗಾಗ ಬರುತ್ತೆ" ಎಂದು ಸೊಸೆ ಸಮಾಧಾನ ಹೇಳಿದರು.

ಮಾವನ ಅನುಮಾನಕ್ಕೆ ಅಮೆರಿಕದ ಚರಿತ್ರೆಯಲ್ಲೂ ಬೆಂಬಲವಿದೆ. ಸುಖವಾಗಿ ಮನೆಯಲ್ಲಿದ್ದವರು ಸುಮ್ಮನೆ ಹೋಗಿ ಕಾಡಿನಲ್ಲಿ ಮಲಗುವ ಹುಚ್ಚು ಆ ದೇಶಕ್ಕೆ ಹಿಡಿದದ್ದು 19ನೇ ಶತಮಾನದಲ್ಲಿ. ಬೋಸ್ಟನ್ನಿನ ಪಾದ್ರಿ ವಿಲಿಯಂ ಎಚ್. ಎಚ್. ಮರ್ರೆ 1869ರಲ್ಲಿ ನ್ಯೂಯಾರ್ಕ್ ರಾಜ್ಯದ ಆ್ಯಡಿರಾಂಡಕ್ ಬೆಟ್ಟಗಳ ಬಗ್ಗೆ ಒಂದು ಪುಸ್ತಕ ಬರೆದರು. ಬೆಟ್ಟದ ಗಾಳಿಗೆ ಕಾಯಿಲೆಯೇ ಓಡಿಹೋಗುತ್ತದೆಂದು ಓದಿದ ಪೇಟೆಯ ಜನ ಆ ಬೇಸಿಗೆಯಲ್ಲೇ ರೈಲು ತುಂಬ ಅಲ್ಲಿಗೆ ನುಗ್ಗಿದರು. ಸಿಕ್ಕಿದ್ದು ಮಳೆ ಮತ್ತು ಕಚ್ಚುವ ಕಪ್ಪು ನೊಣ. ಪತ್ರಿಕೆಗಳು ಅವರಿಗೆ 'ಮರ್ರೆಯ ಮೂರ್ಖರು' ಎಂದೇ ಹೆಸರಿಟ್ಟವು. ಬೈದುಕೊಂಡು ಹಿಂತಿರುಗಿದವರಲ್ಲಿ ಎಷ್ಟೋ ಜನ ಮರುವರ್ಷ ಮತ್ತೆ ಹೋಗಿರಬೇಕು, ಯಾಕೆಂದರೆ ಹುಚ್ಚು ಇಳಿಯಲಿಲ್ಲ.

ಆ ಹುಚ್ಚು ಹೆದ್ದಾರಿಗೆ ಇಳಿದ ಕಥೆ ಇನ್ನೂ ಚೆಂದ. 1962ರಲ್ಲಿ ಸಿಯಾಟಲ್‌ನಲ್ಲಿ ಲೋಕಪ್ರದರ್ಶನ ನಡೆಯಿತು. ಅದನ್ನು ನೋಡಲು ಕಾರಿನ ನೆತ್ತಿಗೆ ಗಂಟುಮೂಟೆ ಕಟ್ಟಿಕೊಂಡು ಹೊರಟ ಕುಟುಂಬಗಳು ಮೊಂಟಾನಾ ರಾಜ್ಯದ ಬಿಲ್ಲಿಂಗ್ಸ್ ಊರಿನ ಮೇಲೆ ಹಾದುಹೋಗುತ್ತಿದ್ದವು. ಅಲ್ಲಿನ ವ್ಯಾಪಾರಿ ಡೇವ್ ಡ್ರಮ್ ಯೆಲ್ಲೋಸ್ಟೋನ್ ನದಿಯ ದಡದ ತನ್ನ ಜಾಗದಲ್ಲಿ ಕಾರು ನಿಲ್ಲಿಸಿ ಮಲಗಲು ರಾತ್ರಿಗೆ 1.75 ಡಾಲರ್ ಬಾಡಿಗೆ ಇಟ್ಟ. ಕೂರಲು ಮೇಜು, ಒಲೆಗೆ ಜಾಗ, ಬಿಸಿನೀರು, ಪಕ್ಕದಲ್ಲಿ ಸಣ್ಣ ಅಂಗಡಿ. ಇಷ್ಟರಿಂದಲೇ ಮುಂದೆ ಅಮೆರಿಕದ ಉದ್ದಗಲಕ್ಕೂ ಹಬ್ಬಿದ ಕೆಓಎ ಎಂಬ ಹೆಸರಿನ ಕ್ಯಾಂಪ್‌ಗ್ರೌಂಡುಗಳು ಹುಟ್ಟಿಕೊಂಡವು. ನೋಡಲು ಹೊರಟದ್ದು ಯಂತ್ರಗಳ, ದೀಪಗಳ ಬೆರಗನ್ನು, ರಾತ್ರಿ ಮಲಗಿದ್ದು ಹೊಳೆದಂಡೆಯಲ್ಲಿ. ಥೀಮ್ ಪಾರ್ಕಿಗೂ ಟೆಂಟಿಗೂ ನಂಟು ಅಂದಿನದೇ.

ಡಿಸ್ನಿಯವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್ ತೆರೆದದ್ದು 1971ರ ಅಕ್ಟೋಬರ್ 1ಕ್ಕೆ. ಆಗ ಇದ್ದದ್ದು ಮ್ಯಾಜಿಕ್ ಕಿಂಗ್‌ಡಮ್ ಎಂಬ ಒಂದೇ ಪಾರ್ಕು, ಎರಡು ದೊಡ್ಡ ಹೋಟೆಲು. ಆದರೆ ಅದೇ ನವೆಂಬರ್ 19ಕ್ಕೆ ಫೋರ್ಟ್ ವಿಲ್ಡರ್‌ನೆಸ್ ಎಂಬ ಕ್ಯಾಂಪ್‌ಗ್ರೌಂಡೂ ತೆರೆಯಿತು. ಎರಡನೆಯ ಪಾರ್ಕು ಎಪ್ಕಾಟ್ ಬರುವುದಕ್ಕೆ ಇನ್ನೂ ಹನ್ನೊಂದು ವರ್ಷ ಇರುವಾಗಲೇ ಟೆಂಟಿನ ಗೂಟ ನೆಡಲು ಅಲ್ಲಿ ಜಾಗ ಸಿದ್ಧವಿತ್ತು. ಬೇ ಲೇಕ್ ಎಂಬ ಕೆರೆಯ ದಂಡೆಗೆ ಸುಮಾರು 750 ಎಕರೆ, ಪೈನ್ ಮತ್ತು ಸೈಪ್ರಸ್ ಮರಗಳ ಕಾಡು. ಎಪ್ಪತ್ತರ ದಶಕದಲ್ಲಿ ಅದರೊಳಗೆ ಉಗಿಬಂಡಿಯ ಪುಟ್ಟ ರೈಲೂ ಓಡುತ್ತಿತ್ತು; 1980ರ ಹೊತ್ತಿಗೆ ನಿಂತುಹೋಯಿತು. 1976ರಲ್ಲಿ ಕೆರೆಯಂಚಿಗೆ ರಿವರ್ ಕಂಟ್ರಿ ಎಂಬ ಈಜು ಉದ್ಯಾನ ಬಂತು. ಮೊದಲ ಜಾರುಬಂಡೆ ಇಳಿದವಳು ಆಗಿನ ಅಧ್ಯಕ್ಷ ಫೋರ್ಡ್ ಅವರ ಮಗಳು. ಅದೂ 2001ರಲ್ಲಿ ಮುಚ್ಚಿತು. ಯಂತ್ರಗಳು ಬಂದವು, ಹೋದವು. ಮೇಜು, ನಲ್ಲಿ, ಒಲೆ ಮಾತ್ರ ಇದ್ದಲ್ಲೇ ಇವೆ.

ಅಟ್ಲಾಂಟದಿಂದ ಒರ್ಲ್ಯಾಂಡೊಗೆ ಸುಮಾರು 700 ಕಿಲೋಮೀಟರ್. ಡಿಸೆಂಬರಿನ ಒಂದು ಸಂಜೆ ಆರು ಜನರನ್ನೂ ಹೊತ್ತ ವ್ಯಾನು ಆ ಕಾಡಿನೊಳಗೆ ಬಂತು. ಪ್ರತಿ ಜಾಗಕ್ಕೂ ಗಾಡಿ ನಿಲ್ಲಿಸಲು ಗಟ್ಟಿ ನೆಲ, ಕೂತು ಉಣ್ಣಲು ಮರದ ಮೇಜು-ಬೆಂಚು, ಇದ್ದಿಲ ಒಲೆ, ನೀರಿನ ನಲ್ಲಿ, ಕರೆಂಟಿನ ಕಂಬ. ಮಗ ಟೆಂಟಿನ ಚೀಲ ಬಿಚ್ಚಿ ಸೂಚನೆಯ ಕಾಗದ ಓದತೊಡಗಿದ. ಓದಿದ, ಮತ್ತೆ ಓದಿದ. ಕಂಪ್ಯೂಟರಿನಲ್ಲಿ ಲಕ್ಷಾಂತರ ಸಾಲು ಬರೆಯುವವನಿಗೆ ಎರಡು ಕಡ್ಡಿ ಕೂಡಿಸಲು ಬರುತ್ತಿಲ್ಲವೆಂಬುದು ಮಕ್ಕಳಿಗೆ ಆ ಪ್ರವಾಸದ ಮೊದಲ ಮನರಂಜನೆ. ಅಜ್ಜ ಸ್ವಲ್ಪ ಹೊತ್ತು ಬೆಂಚಿನ ಮೇಲೆ ಕೂತು ನೋಡಿದರು. ಆಮೇಲೆ ಎದ್ದರು, ಧೋತರದ ಚುಂಗು ಎತ್ತಿ ಕಟ್ಟಿದರು, ಸುತ್ತಿಗೆ ತೆಗೆದುಕೊಂಡು ಮೊದಲನೆಯ ಗೂಟವನ್ನು ಓರೆಯಾಗಿ ಹೊಡೆದರು. "ನೆಟ್ಟಗ ಬಡದರ ಗಾಳಿಗೆ ಕಿತ್ತ ಬರತೈತಿ. ಉಸುಕಿನ ನೆಲಾ ಇದು." ಅಲ್ಲಿಂದ ಮುಂದೆ ಆ ಗುಡಾರದ ಯಜಮಾನಿಕೆ ಯಾರದೆಂಬ ಬಗ್ಗೆ ಚರ್ಚೆ ಆಗಲಿಲ್ಲ. ಊರಿನ ಮಂದಿಯ ಮಾತೂ ಮತ್ತೆ ಬರಲಿಲ್ಲ.

ಕತ್ತಲಾದಂತೆ ಸುತ್ತಲಿನ ದೀಪಗಳು ಹೊತ್ತಿಕೊಂಡವು. ಕ್ರಿಸ್‌ಮಸ್ ಹತ್ತಿರ ಬಂದಾಗ ಫೋರ್ಟ್ ವಿಲ್ಡರ್‌ನೆಸ್‌ಗೆ ಬರುವವರು ತಮ್ಮ ಬೃಹತ್ ಮನೆಗಾಡಿಗಳನ್ನೂ ಓಡಾಡುವ ಗಾಲ್ಫ್ ಕಾರ್ಟುಗಳನ್ನೂ ಬಣ್ಣದ ಬಲ್ಬಿನ ಸರದಲ್ಲಿ ಮುಚ್ಚಿಬಿಡುತ್ತಾರೆ. ಹ್ಯಾಲೋವೀನ್ ಬಂದರೆ ಇದೇ ಜನ ಅಸ್ಥಿಪಂಜರ ನಿಲ್ಲಿಸುತ್ತಾರೆ. ಒಬ್ಬರ ಅಂಗಳ ನೋಡಲು ಇನ್ನೊಬ್ಬರು ನಡೆದುಬರುತ್ತಾರೆ, ಮಕ್ಕಳು ಸೈಕಲ್ಲಿನಲ್ಲಿ ಸುತ್ತುತ್ತಾರೆ, ಎಲ್ಲಿಂದಲೋ ಮಾಂಸ ಸುಡುವ ಹೊಗೆ, ಎಲ್ಲಿಂದಲೋ ಗಿಟಾರು. ಅಜ್ಜಿ ಶಾಲು ಹೊದ್ದು ರಸ್ತೆಯ ಅಂಚಿಗೆ ಬಂದು ನಿಂತರು. ಎರಡೂ ಬದಿಗೆ ಸಾಲಾಗಿ ನಿಂತ ಗಾಡಿ, ಗಾಡಿಯ ಮುಂದೆ ಒಲೆ, ಒಲೆಯ ಸುತ್ತ ಕುಟುಂಬ.

"ಇದು ಯಲ್ಲಮ್ಮನ ಗುಡ್ಡದಾಗ ಚಕ್ಕಡಿ ಬಿಟ್ಟಂಗ ಆತಲ್ಲೋ!"

ಡಿಸ್ನಿ ವರ್ಲ್ಡಿನ ಬಗ್ಗೆ ಅಷ್ಟು ಸರಿಯಾದ ಮಾತನ್ನು ಯಾವ ಪ್ರವಾಸ ಪುಸ್ತಕವೂ ಹೇಳಿಲ್ಲ. ಸವದತ್ತಿಯ ಯಲ್ಲಮ್ಮನ ಜಾತ್ರೆಗೆ, ಅದರಲ್ಲೂ ಭಾರತ ಹುಣ್ಣಿಮೆಗೆ, ಉತ್ತರ ಕರ್ನಾಟಕದ ಹಳ್ಳಿಗಳಿಂದ ಚಕ್ಕಡಿ ಕಟ್ಟಿಕೊಂಡು ಹೋಗುವವರು ಮೊದಲು ಮಾಡುವುದು ನೊಗ ಇಳಿಸಿ ಜಾಗ ಹಿಡಿಯುವುದನ್ನು. ಎತ್ತಿನ ಕೊರಳ ಗೆಜ್ಜೆ, ಕೊಂಬಿನ ರಿಬ್ಬನ್ನು, ಗಾಡಿಯ ಅಲಂಕಾರದಲ್ಲಿ ಊರೂರಿಗೆ ಪೈಪೋಟಿ. ಜೋಗುಳಬಾವಿಯಲ್ಲಿ ಸ್ನಾನ, ಗಾಡಿಯ ಮಗ್ಗುಲಲ್ಲೇ ಮೂರು ಕಲ್ಲಿನ ಒಲೆ, ಹೋಳಿಗೆ, ಕಡಬು, ನೈವೇದ್ಯದ ಪಡ್ಡಲಗಿ ತುಂಬುವ ಸಂಭ್ರಮ. ದರ್ಶನಕ್ಕೆ ಹಿಡಿಯುವುದು ಒಂದು ಗಳಿಗೆ. ಉಳಿದ ಹೊತ್ತೆಲ್ಲ ಚಕ್ಕಡಿಯ ನೆರಳಿನ ಸಂಸಾರ. ಪಕ್ಕದ ಚಕ್ಕಡಿಯವರು ಯಾವೂರಿನವರು, ಅವರ ಮನೆಯಲ್ಲಿ ಮದುವೆಗೆ ಬಂದ ಹುಡುಗಿ ಇದೆಯೇ ಎಂಬುದೆಲ್ಲ ಅಷ್ಟರಲ್ಲಿ ತಿಳಿದಿರುತ್ತದೆ. ಯಾತ್ರೆಯ ಖರ್ಚಿಗೆ ತಕ್ಕ ಲಾಭ ಅಲ್ಲೇ ಹುಟ್ಟುವುದು. ಲಾಡ್ಜಿನಲ್ಲಿ ಇಳಿದು ದರ್ಶನ ಮುಗಿಸಿ ಬಸ್ಸು ಹಿಡಿದವರಿಗೆ ಜಾತ್ರೆ ಸಿಗುವುದಿಲ್ಲ, ಕ್ಯೂ ಮಾತ್ರ ಸಿಗುತ್ತದೆ.

ಥೀಮ್ ಪಾರ್ಕಿನಲ್ಲೂ ಹೋಟೆಲಿನವರ ಪಾಡು ಹೆಚ್ಚುಕಡಿಮೆ ಅದೇ. ಬೆಳಗ್ಗೆ ತಿಂಡಿಗೆ ಸಾಲು, ಲಿಫ್ಟಿಗೆ ಸಾಲು, ಬಸ್ಸಿಗೆ ಸಾಲು, ಒಳಗೆ ಹೋದ ಮೇಲೆ ಸಾಲುಗಳ ಮಹಾಪರ್ವ. ರಾತ್ರಿ ಕೋಣೆಗೆ ಬಂದರೆ ಉಳಿದದ್ದು ಎರಡು ಮಂಚ, ಒಂದು ಟಿವಿ ಮತ್ತು "ಓಡಬೇಡ, ಕೆಳಗಿನವರು ಬೈತಾರೆ" ಎಂಬ ಮಂತ್ರ. ಮಕ್ಕಳು ಮಲಗಿದರೆಂದು ದೀಪ ಆರಿಸಿ ದೊಡ್ಡವರು ಬಚ್ಚಲಿನ ಬಾಗಿಲಲ್ಲಿ ನಿಂತು ಪಿಸುಗುಟ್ಟುವುದಕ್ಕೆ ರಜೆ ಎಂದು ಕರೆಯಬೇಕಾದರೆ ಧೈರ್ಯ ಬೇಕು.

ಟೆಂಟಿನವರಿಗೂ ಪಾರ್ಕಿನ ಹೆಚ್ಚಿನ ಸವಲತ್ತುಗಳು ಸಿಗುತ್ತವೆ. ಡಿಸ್ನಿಯ ತುಟ್ಟಿ ಹೋಟೆಲಿನಲ್ಲಿ ಇಳಿದವರಿಗೆ ಪಾರ್ಕು ಅರ್ಧ ಗಂಟೆ ಮುಂಚೆ ತೆರೆದರೆ ಟೆಂಟಿನಲ್ಲಿ ಮಲಗಿದವರಿಗೂ ಅರ್ಧ ಗಂಟೆ ಮುಂಚೆಯೇ ತೆರೆಯುತ್ತದೆ. ಮ್ಯಾಜಿಕ್ ಕಿಂಗ್‌ಡಮ್‌ಗೆ ಕೆರೆಯ ಮೇಲೆ ದೋಣಿ. ಪಾರ್ಕಿನೊಳಕ್ಕೆ ಮನೆಯ ಊಟ ಒಯ್ಯಲು ಅಡ್ಡಿಯಿಲ್ಲ, ಗಾಜಿನ ಪಾತ್ರೆ ಬೇಡ ಅಷ್ಟೆ. ಹೀಗಾಗಿ ಸಿಂಡರೆಲ್ಲಾಳ ಕೋಟೆಯ ಎದುರಿನ ಬೆಂಚಿನ ಮೇಲೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಮೊಸರು ಬಿಚ್ಚಿಕೊಂಡಾಗ ಕಾವಲಿನವನು ನಕ್ಕು ಮುಂದೆ ಹೋದ. ರಾತ್ರಿ ಬಾಣಬಿರುಸು ನೋಡಲು ಪಾರ್ಕಿನಲ್ಲಿ ಕಾಲ್ತುಳಿತಕ್ಕೆ ಸಿಕ್ಕಬೇಕಿಲ್ಲ, ಕ್ಯಾಂಪಿನ ಕೆರೆದಂಡೆಯಿಂದಲೇ ಕಾಣುತ್ತದೆ. 1971ರಿಂದ ಬೆಳಕಿನ ಚಿತ್ರಗಳ ತೆಪ್ಪಗಳು ಅದೇ ನೀರಿನ ಮೇಲೆ ಮೆರವಣಿಗೆ ಹೋಗುತ್ತ ಬಂದಿವೆ. ಸಂಜೆ ಬಯಲಿನಲ್ಲಿ ಬೆಂಕಿ ಹಾಕಿ ಚಿಪ್ ಮತ್ತು ಡೇಲ್ ಎಂಬ ಅಳಿಲು ಗೆಳೆಯರು ಮಕ್ಕಳಿಂದ ಹಾಡು ಹೇಳಿಸುತ್ತಾರೆ, ಆಮೇಲೆ ಬಯಲಲ್ಲೇ ಸಿನಿಮಾ. ಇದಕ್ಕೆಲ್ಲ ಬೇರೆ ಟಿಕೆಟ್ಟಿಲ್ಲ.

ಅಜ್ಜನಿಗೆ ಆ ಅಳಿಲುಗಳ ಮೇಲೆ ಆಸಕ್ತಿ ಹುಟ್ಟಲಿಲ್ಲ. ಅವರಿಗೆ ಕುದುರೆ ಸಿಕ್ಕಿದ್ದವು. ಮ್ಯಾಜಿಕ್ ಕಿಂಗ್‌ಡಮ್‌ನ ಪೇಟೆಬೀದಿಯಲ್ಲಿ ಟ್ರಾಲಿ ಎಳೆಯುವ ಭಾರೀ ಕುದುರೆಗಳ ಲಾಯ ಇರುವುದು ಇದೇ ಕ್ಯಾಂಪ್‌ಗ್ರೌಂಡಿನ ಟ್ರೈ-ಸರ್ಕಲ್-ಡಿ ರಾಂಚಿನಲ್ಲಿ. ಯಾರು ಬೇಕಾದರೂ ಹೋಗಿ ನೋಡಬಹುದು. ಅವರು ಬೆಳಗಿನ ಚಹಾ ಮುಗಿಸಿ ಅಲ್ಲಿಗೆ ನಡೆದುಬಿಡುತ್ತಿದ್ದರು. ಜೀವನವಿಡೀ ಎತ್ತು ಸಾಕಿದ ಮನುಷ್ಯ. ಬೇಲಿ ಹಿಡಿದು ನಿಂತು ಗೊರಸು ನೋಡುವರು, ಲದ್ದಿ ನೋಡುವರು, ಮೇವಿನ ರಾಶಿ ನೋಡುವರು. ಕುದುರೆ ನೋಡಿಕೊಳ್ಳುವ ಹುಡುಗಿಗೆ ಕನ್ನಡ ಬಾರದು, ಇವರಿಗೆ ಇಂಗ್ಲಿಷು ಅಷ್ಟಕ್ಕಷ್ಟೇ. ಇಬ್ಬರೂ ಕುದುರೆಯ ಹಿಂಗಾಲು ತೋರಿಸಿಕೊಂಡು ಏನೇನೋ ಮಾತಾಡುತ್ತಿದ್ದರೆಂದು ಮೊಮ್ಮಗಳು ವರದಿ ತಂದಳು. ಬಂದವರೇ ಅಜ್ಜಿಗೆ ಹೇಳಿದ್ದು ಇಷ್ಟು: "ಹೊಟ್ಟಿ ತುಂಬ ಮೇಯಸ್ತಾರ ಮಕ್ಕಳು. ಕೆಲಸಾ ಭಾಳ ಇಲ್ಲ." ಹೋಟೆಲಿನ ಹನ್ನೊಂದನೆಯ ಮಹಡಿಯಲ್ಲಿದ್ದರೆ ಅವರು ಬೆಳಗಿನ ಆ ಹೊತ್ತನ್ನು ಬಾಗಿಲಿನ ಕಾರ್ಡು ಕೆಂಪು ದೀಪ ತೋರಿಸುವುದನ್ನು ನೋಡುತ್ತ ಕಳೆಯುತ್ತಿದ್ದರು.

ಇನ್ನು ಅಡುಗೆ. ಗ್ಯಾಸಿನ ಕ್ಯಾಂಪ್ ಒಲೆಯ ಮೇಲೆ ಹಂಚು ಇಟ್ಟು ಅಜ್ಜಿ ಬೆಂಚಿನ ಮೇಲೆ ರೊಟ್ಟಿ ಬಡಿಯತೊಡಗಿದರೆ ಆ ಸದ್ದಿಗೆ ಅಕ್ಕಪಕ್ಕದವರು ಏನೋ ರಿಪೇರಿ ನಡೆದಿದೆಯೆಂದು ಇಣುಕಿದರು. ಬದನೆಕಾಯಿ ಇದ್ದಿಲ ಒಲೆಯ ಮೇಲೆ ಸುಟ್ಟು ಸಿಪ್ಪೆ ಒಡೆಯಿತು. ಎಣ್ಣೆ ಕಾದು, ಸಾಸಿವೆ ಸಿಡಿದು, ಬೆಳ್ಳುಳ್ಳಿ ಕೆಂಪಗಾಗಿ, ಒಣಮೆಣಸಿನಕಾಯಿಯ ಘಾಟು ಪೈನ್ ಮರಗಳ ನಡುವೆ ಹೊರಟಿತು. ಸೊಸೆ ಅಭ್ಯಾಸಬಲದಿಂದ ಒಮ್ಮೆ ತಲೆಯೆತ್ತಿ ನೋಡಿದರು. ಮೇಲೆ ಡಬ್ಬಿ ಇರಲಿಲ್ಲ. ಎದುರಿನ ಮನೆಗಾಡಿಯ, ಮಿಷಿಗನ್ನಿನಿಂದ ಚಳಿ ತಪ್ಪಿಸಿಕೊಂಡು ಬಂದ ಮುದುಕರು ನಾಲ್ಕು ಸಲ ಕೆಮ್ಮಿ, ಐದನೆಯ ಸಲಕ್ಕೆ ತಟ್ಟೆ ಹಿಡಿದುಕೊಂಡೇ ಬಂದರು. ಅವರ ಹೆಂಡತಿ ಒಂದು ಡಬ್ಬಿ ಬಿಸ್ಕತ್ತು ಕೊಟ್ಟುಹೋದರು. ಹೋಟೆಲಿನ ಕಾರಿಡಾರಿನಲ್ಲಿ ಪಕ್ಕದ ಕೋಣೆಯವರ ಪರಿಚಯ ಆಗುವುದು ಅವರ ಬಾಗಿಲಿಗೆ ತೂಗುಹಾಕಿದ 'ತೊಂದರೆ ಕೊಡಬೇಡಿ' ಫಲಕದಿಂದ.

ಇಷ್ಟು ಹೊಗಳಿದ ಮೇಲೆ ದುಡ್ಡಿನ ಮಾತು ಆಡದಿದ್ದರೆ ಅನ್ಯಾಯವಾದೀತು. ಟೆಂಟು ಅಗ್ಗ ಎಂಬುದು ಅರ್ಧ ನಿಜ. ಡಿಸೆಂಬರಿನ ಕೊನೆಯ ವಾರದಲ್ಲಿ ಫೋರ್ಟ್ ವಿಲ್ಡರ್‌ನೆಸ್‌ನ ಬರೀ ನೆಲದ ಬಾಡಿಗೆ ಹೊರಗಿನ ಸಾಧಾರಣ ಮೋಟೆಲಿನ ಕೋಣೆಗಿಂತ ಹೆಚ್ಚಾಗುವುದುಂಟು. ಮೇಲೆ ಗುಡಾರ, ಗಾಳಿಹಾಸಿಗೆ, ಒಲೆ, ಲಾಟೀನು. ಕ್ಯಾಂಪಿಂಗ್ ಅಂಗಡಿಗೆ ಹೋದ ಗಂಡಸರು ಚಿನ್ನದಂಗಡಿಯ ಹೆಂಗಸರನ್ನು ಆಡಿಕೊಳ್ಳುವ ಹಕ್ಕು ಕಳೆದುಕೊಳ್ಳುತ್ತಾರೆ. ಗಾಲ್ಫ್ ಕಾರ್ಟ್ ಬಾಡಿಗೆ ಬೇರೆ. ಜಾಗ ವಿಶಾಲ, ಒಳಗೆ ಕಾರಿನಲ್ಲಿ ತಿರುಗಾಡುವಂತಿಲ್ಲ. ಎಪ್ಕಾಟಿಗೆ ಹೋಗಬೇಕಾದರೆ ಒಳಗಿನ ಬಸ್ಸು ಹಿಡಿದು, ಇಳಿದು, ಹೊರಗಿನ ಬಸ್ಸು ಹತ್ತಬೇಕು. ತಲೆ ಎಣಿಸಿ ಭಾಗಿಸಿದರೆ ದೊಡ್ಡ ಕುಟುಂಬಕ್ಕೆ ಉಳಿತಾಯ ಖಂಡಿತ. ಗಂಡ ಹೆಂಡತಿ ಇಬ್ಬರೇ ಆದರೆ ಹೋಟೆಲೇ ಲೇಸು. ಜಗಳವಾದರೆ ಹೋಗಲು ಬಚ್ಚಲಾದರೂ ಇರುತ್ತದೆ.

ಕಾಲ ನೋಡಿಕೊಂಡು ಹೋಗಬೇಕೆಂಬುದೂ ಸಣ್ಣ ಮಾತಲ್ಲ. ಫ್ಲಾರಿಡಾದಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಬಿಸಿಲಿಗೆ ಟೆಂಟಿನಲ್ಲಿ ಮನುಷ್ಯ ಬೇಯುತ್ತಾನೆ, ಮಧ್ಯಾಹ್ನ ಗುಡುಗು ಮಳೆ ಬಂದರೆ ನೆನೆಯುತ್ತಾನೆ. ಚಂಡಮಾರುತದ ಹಂಗಾಮು ನವೆಂಬರ್ ಕೊನೆಯವರೆಗೆ. 2024ರ ಅಕ್ಟೋಬರಿನಲ್ಲಿ ಮಿಲ್ಟನ್ ಚಂಡಮಾರುತ ಬರುತ್ತಿದೆಯೆಂದಾಗ ದೊಡ್ಡ ಹೋಟೆಲುಗಳು ತೆರೆದೇ ಇದ್ದವು, ಫೋರ್ಟ್ ವಿಲ್ಡರ್‌ನೆಸ್ ಖಾಲಿ ಮಾಡಿಸಿ ಮುಚ್ಚಿದರು. ಗೋಡೆಗೆ ಅದರದೇ ಗೌರವ ಇದೆ. ಡಿಸೆಂಬರ್, ಜನವರಿಯಲ್ಲಿ ಹಗಲು ಹಿತ, ರಾತ್ರಿಗೆ ಕಂಬಳಿ ಬೇಕು. ಕಂಬದಲ್ಲಿ ಕರೆಂಟಿದೆ, ಸ್ನಾನದ ಮನೆಯಲ್ಲಿ ಬಿಸಿನೀರಿದೆ, ಅದರ ಪಕ್ಕದಲ್ಲೇ ಬಟ್ಟೆ ಒಗೆಯುವ ಯಂತ್ರಗಳಿವೆ. ನಡುರಾತ್ರಿ ಟಾರ್ಚು ಹಿಡಿದು ಅಲ್ಲಿಗೆ ಹೋಗುವಾಗ ಎದುರಿಗೆ ಸಿಕ್ಕ ಆರ್ಮಡಿಲೊ ಒಂದು, ಬೆನ್ನಿಗೆ ಚಿಪ್ಪು ಹೊತ್ತು ತರಗೆಲೆ ಕೆದಕುತ್ತಿದ್ದದ್ದು, ಸೊಸೆಯನ್ನು ಹಾರಿಸಿತು, ಸೊಸೆ ಏಕಕಾಲಕ್ಕೆ ಅದನ್ನೂ ಹಾರಿಸಿದರು. ಯಾರು ಹೆಚ್ಚು ಎತ್ತರಕ್ಕೆ ಹಾರಿದರೆಂಬುದಕ್ಕೆ ಸಾಕ್ಷಿಯಿಲ್ಲ.

ಟೆಂಟು ಒಲ್ಲದವರಿಗೂ, ಡಿಸ್ನಿ ಒಲ್ಲದವರಿಗೂ ಬೇರೆ ದಾರಿಗಳಿವೆ. ಒಹಾಯೊದ ಸೀಡರ್ ಪಾಯಿಂಟಿನಲ್ಲಿ ಈರಿ ಸರೋವರದ ಅಂಚಿಗೆ, 1862ರ ದೀಪಸ್ತಂಭದ ಬುಡದಲ್ಲೇ ಕ್ಯಾಂಪಿನ ಜಾಗವಿದೆ. ಪೆನ್ಸಿಲ್ವೇನಿಯಾದ ಕನೋಬಲ್ಸ್ ಪಾರ್ಕು 1926ರಿಂದ ನಡೆಯುತ್ತಿದೆ. ಪ್ರವೇಶಕ್ಕೆ ದುಡ್ಡಿಲ್ಲ, ಆಡಿದ ಆಟಕ್ಕಷ್ಟೇ ಟಿಕೆಟ್ಟು, ಪಕ್ಕದಲ್ಲೇ ಕ್ಯಾಂಪ್‌ಗ್ರೌಂಡು. ಊರ ಜಾತ್ರೆಯ ಗುಣ ಇನ್ನೂ ಉಳಿದಿರುವ ಪಾರ್ಕೆಂದರೆ ಅದು. ಜರ್ಮನಿಯ ಯುರೋಪಾ ಪಾರ್ಕಿನವರು ಮಲಗಲು ಬಟ್ಟೆಯ ಟಿಪಿ ಗುಡಾರ, ಮರದ ಗಾಡಿ ಕೊಡುತ್ತಾರೆ. ಪ್ಯಾರಿಸ್ಸಿನ ಡಿಸ್ನಿಯವರು ಮಾತ್ರ 1992ರಲ್ಲಿ ಟೆಂಟಿಗೂ ಜಾಗವಿಟ್ಟು ತೆರೆದ ಡೇವಿ ಕ್ರಾಕೆಟ್ ಕ್ಯಾಂಪನ್ನು ಆಮೇಲೆ ಪೂರ್ತಿ ಮರದ ಮನೆಗಳಿಗೇ ಬಿಟ್ಟರು. ಯುರೋಪಿನ ಮಳೆ ನೆನೆದರೆ ಅವರನ್ನು ದೂರುವಂತಿಲ್ಲ.

ಹೊರಡುವ ದಿನ ಬೆಳಗ್ಗೆ ಮಿಷಿಗನ್ನಿನ ಮುದುಕರು ಬೀಳ್ಕೊಡಲು ಬಂದರು. ಬರುವ ವರ್ಷದ ಕ್ರಿಸ್‌ಮಸ್‌ಗೂ ತಾವು ಇದೇ ಸಾಲಿನಲ್ಲಿ ಜಾಗ ಹಿಡಿದಾಗಿದೆ, ನೀವೂ ಈಗಲೇ ಹಿಡಿಯಿರಿ, 499 ದಿನ ಮುಂಚಿತವಾಗಿ ಕಾಯ್ದಿರಿಸಲು ಬಿಡುತ್ತಾರೆ ಎಂದರು. ಗಾಳಿಹಾಸಿಗೆಯ ಮೇಲೆ ಮಂಡಿಯೂರಿ ಗಾಳಿ ಹೊರಡಿಸುತ್ತಿದ್ದ ಮಗ ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದ. ಅಜ್ಜ ಬೆರಳು ಎಣಿಸಿದರು. "ಲಾಯದ ಹತ್ತಿರ ಜಾಗಾ ಸಿಗತೈತೇನ ಕೇಳು." ಸೊಸೆ, ಮುಂದಿನ ಸಲ ಏಸಿ ಇರುವ ಮನೆಗಾಡಿ ಬಾಡಿಗೆಗೆ ತಂದರೆ ಮಾತ್ರ ತಾನು ಬರುವುದೆಂದು ಸ್ಪಷ್ಟಪಡಿಸಿದರು. ಮಕ್ಕಳು ಆರ್ಮಡಿಲೊಗೆ ಹೆಸರಿಡುವ ವಿಚಾರದಲ್ಲಿ ಹೊಡೆದಾಡುತ್ತಿದ್ದರು. ಅಜ್ಜಿ ಮಾತ್ರ ಹಿಟ್ಟಿನ ಡಬ್ಬಿಯ ಮುಚ್ಚಳ ಬಿಗಿ ಮಾಡುತ್ತ ಮಗನ ಕಡೆ ತಿರುಗಿದರು.

"ನೀ ಜಾಗಾ ಈಗ ಹಿಡಿ, ಬ್ಯಾಡ ಅನ್ನಂಗಿಲ್ಲ. ಜ್ವಾಳದ ಹಿಟ್ಟ ಮಾತ್ರ ಅಷ್ಟ ಮೊದಲ ತಂದ ಇಡಬ್ಯಾಡ. ಹುಳಾ ಬೀಳತಾವ."